ವೈರಿಪ್ರೀತಿಯ ಆಜ್ಞೆ ಮತ್ತು ಹೃದಯದ ಸಿದ್ಧತೆ

ವೈರಿಗಳನ್ನು ಪ್ರೀತಿಸಬೇಕೆಂಬ ಪ್ರಭುವಿನ ಬೋಧನೆಯನ್ನು (ಮತ್ತಾಯ 5:44) ಪ್ರವಚನಪೀಠದಿಂದ ಸಾರುವುದು ಸುಲಭ. ಜಮೀನಿನ ಪಾಲಿಗಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದ ಅಣ್ಣತಮ್ಮಂದಿರು ಒಂದೇ ಬಲಿಪೂಜೆಯಲ್ಲಿ ಕುಳಿತು ಅದನ್ನು ಆಲಿಸುವುದು ಸುಲಭವಲ್ಲ. "ಕ್ಷಮಿಸಿದ್ದೇನೆ ಸ್ವಾಮಿ, ಆದರೆ ಅವನ ಮುಖ ಕಂಡರೆ ಮೈ ಉರಿಯುತ್ತದೆ" ಎಂಬರ್ಥದ ಮಾತನ್ನು ಕೇಳದ ಧರ್ಮಕೇಂದ್ರದ ಗುರು ವಿರಳ.

ಇಂಥವರಿಗೆ 'ಅದೊಂದು ಆದರ್ಶ, ಎಲ್ಲರಿಗೂ ಸಾಧ್ಯವಾಗದು' ಎಂದು ಸಮಾಧಾನ ಹೇಳುವ ಅಧಿಕಾರ ನಮಗಿಲ್ಲ. ವರಪ್ರಸಾದದಲ್ಲಿರುವವನಿಗೂ ದೇವರ ಆಜ್ಞೆಗಳ ಪಾಲನೆ ಅಸಾಧ್ಯವೆಂಬ ವಾದವನ್ನು ಟ್ರೆಂಟ್ ಮಹಾಸಭೆ 1547ರಲ್ಲಿಯೇ ತಿರಸ್ಕರಿಸಿದೆ. ಆದರೆ ಆಜ್ಞೆ ಏನನ್ನು ಕೇಳುತ್ತದೆ ಎಂಬುದನ್ನು ವಿವರಿಸದೆ 'ಕ್ಷಮಿಸಲೇಬೇಕು' ಎಂದು ಗದರಿಸುವುದೂ ಬೋಧನೆಯೆನಿಸದು.

ಕೆಡುಕಿಗೆ ಪ್ರತಿಯಾಗಿ ಕೆಡುಕು ಮಾಡಬಾರದೆಂಬ ಬೋಧನೆ ರಾಜ್ಯವ್ಯವಹಾರಕ್ಕೆ ಹೊಂದದೆಂಬ ಆಕ್ಷೇಪವನ್ನು ಕ್ರಿ.ಶ. 412ರ ಸುಮಾರಿಗೆ ಮಾರ್ಸೆಲ್ಲಿನುಸನು ಸಂತ ಅಗಸ್ಟೀನರ ಮುಂದಿಟ್ಟನು. ಇಂತಹ ಬೋಧನೆಗಳು ಮೊದಲು ಹೃದಯದ ಸಿದ್ಧತೆಯನ್ನು ಕುರಿತವು ಎಂಬುದು ಅವರ ಉತ್ತರ. ಪ್ರಧಾನಯಾಜಕನ ಮುಂದೆ ಕೆನ್ನೆಗೆ ಏಟು ಬಿದ್ದಾಗ ಯೇಸು ಮತ್ತೊಂದು ಕೆನ್ನೆಯನ್ನು ಒಡ್ಡಲಿಲ್ಲ. ಏಕೆ ಹೊಡೆದೆಯೆಂದು ಪ್ರಶ್ನಿಸಿದರು (ಯೊವಾನ್ನ 18:23). ಅದೇ ಯೇಸು ಹೊಡೆದವರಿಗಾಗಿ ಸಾಯಲು ಸಿದ್ಧರಿದ್ದರು. ಪತಿಯ ಏಟು ತಿನ್ನುವ ಸ್ತ್ರೀಗೆ 'ಇನ್ನೊಂದು ಕೆನ್ನೆ'ಯ ವಾಕ್ಯವನ್ನು ಓದಿ ಹೇಳಿ ಮನೆಗೆ ಕಳುಹಿಸುವವರು ಈ ಅಧ್ಯಾಯವನ್ನು ಮರೆತಿರುತ್ತಾರೆ.

ಸಂತ ತೋಮಸ್ ಅಕ್ವಿನಾಸರು ಸುಮ್ಮಾ ಗ್ರಂಥದ ಎರಡನೆಯ ಭಾಗದ ಉತ್ತರಾರ್ಧದಲ್ಲಿ, 25ನೆಯ ಪ್ರಶ್ನೆಯಡಿ, ಇದನ್ನು ಇನ್ನಷ್ಟು ಬಿಡಿಸಿ ನೋಡುತ್ತಾರೆ. ವೈರಿಯನ್ನು ಅವನ ವೈರತ್ವಕ್ಕಾಗಿಯೇ ಪ್ರೀತಿಸುವುದು ವಿಕೃತಿ, ಏಕೆಂದರೆ ಅದು ಕೆಡುಕನ್ನು ಪ್ರೀತಿಸಿದಂತೆ. ಆದರೆ ಮನುಷ್ಯನೆಂಬ ಕಾರಣಕ್ಕೆ ಅವನು ನಮ್ಮ ಸಾಮಾನ್ಯ ಪ್ರೀತಿಯಿಂದ ಹೊರಗುಳಿಯಬಾರದು. ಎಲ್ಲರಿಗೂ ತೋರುವ ಪ್ರೀತಿಯ ಕುರುಹುಗಳನ್ನು ಅವನೊಬ್ಬನಿಗೆ ತಪ್ಪಿಸಿದರೆ ಅದು ಸೇಡು. ವಿಶೇಷ ಆತ್ಮೀಯತೆ ಮಾತ್ರ ಕಡ್ಡಾಯವಲ್ಲ, ಅದು ಪರಿಪೂರ್ಣತೆಗೆ ಸೇರಿದ್ದು. ಆದರೂ ಅವನಿಗೆ ಸಂಕಟ ಬಂದರೆ ನೆರವಾಗುವ ಸಿದ್ಧತೆ ಹೃದಯದಲ್ಲಿ ಈಗಲೇ ಇರಬೇಕು.

ನಮ್ಮ ಊರುಗಳ ಮಟ್ಟಿಗೆ ಹೇಳುವುದಾದರೆ, ತಮ್ಮನೊಡನೆ ಪ್ರತಿದಿನ ಕುಳಿತು ಹರಟಬೇಕೆಂಬುದು ಆಜ್ಞೆಯಲ್ಲ. ಆದರೆ ಕೇರಿಯ ಮನೆಮನೆಗೂ ಮದುವೆಯ ಕರೆಯೋಲೆ ಕೊಟ್ಟು ಅವನ ಬಾಗಿಲನ್ನು ಮಾತ್ರ ದಾಟಿ ಹೋಗುವುದು, ಸಮಸ್ತರಿಗಾಗಿ ಪ್ರಾರ್ಥಿಸುವಾಗ ಮನಸ್ಸಿನಲ್ಲಿ ಅವನನ್ನು ಬಿಟ್ಟುಬಿಡುವುದು ಆಜ್ಞೆಯ ಉಲ್ಲಂಘನೆ. ವ್ಯಾಜ್ಯವನ್ನು ಹಿಂತೆಗೆದುಕೊಳ್ಳಬೇಕೇ ಎಂಬುದು ಬೇರೆ ಪ್ರಶ್ನೆ. ನ್ಯಾಯವಾದ ಪಾಲನ್ನು ಕೇಳುವುದು ದ್ವೇಷವಲ್ಲ; ಆದರೂ ವಿಶ್ವಾಸಿಗಳ ನಡುವಣ ವ್ಯಾಜ್ಯವನ್ನೇ ಸೋಲೆಂದು ಕರೆದ ಸಂತ ಪೌಲರ ಮಾತು (1 ಕೊರಿಂಥ 6:7) ಗೆದ್ದವನನ್ನೂ ನೆಮ್ಮದಿಯಾಗಿರಲು ಬಿಡದು. ಆ ಇರಿತವನ್ನು ಬೋಧಕರು ಮೊಂಡಾಗಿಸಬಾರದು.

ಇನ್ನು, ಮೈ ಉರಿಯುವುದು. ನೋವನ್ನು ಅನುಭವಿಸದಿರುವುದಾಗಲಿ ಮರೆಯುವುದಾಗಲಿ ನಮ್ಮ ಕೈಯಲ್ಲಿಲ್ಲವೆಂದು ಕಥೋಲಿಕ ಧರ್ಮೋಪದೇಶ (2843) ಒಪ್ಪುತ್ತದೆ. ಪವಿತ್ರಾತ್ಮರಿಗೆ ಒಪ್ಪಿಸಿಕೊಂಡ ಹೃದಯದಲ್ಲಿ ಆ ನೋವು ಕರುಣೆಯಾಗಿ ಮಾರ್ಪಡುತ್ತದೆಂದೂ ಹೇಳುತ್ತದೆ. ಆದ್ದರಿಂದ ಪಾಪನಿವೇದನೆಗೆ ಬಂದವರನ್ನು 'ಇನ್ನೂ ಕೋಪವಿದೆಯೇ?' ಎಂದು ಕೇಳುವುದಕ್ಕಿಂತ, 'ಅವರಿಗೆ ಕೇಡಾಗಲೆಂದು ಬಯಸುತ್ತೀರಾ? ನಡುರಾತ್ರಿ ಅವರ ಮನೆಯಲ್ಲಿ ಯಾರಾದರೂ ಕಾಯಿಲೆಬಿದ್ದರೆ ಎದ್ದು ಹೋಗುತ್ತೀರಾ?' ಎಂದು ಕೇಳುವುದು ಲೇಸು. ಹೋಗುತ್ತೇನೆ ಎಂಬ ಉತ್ತರ ಬಂದರೆ, ಕ್ಷಮೆ ಅಲ್ಲಿ ಆಗಲೇ ಕೆಲಸ ಮಾಡುತ್ತಿದೆಯೆಂದು ಅವರಿಗೆ ಧೈರ್ಯವಾಗಿ ತಿಳಿಸಬಹುದು. ಹೋಗಲಾರೆ ಎಂದರೆ, ಹೋಗುವ ಮನಸ್ಸನ್ನು ದೇವರಲ್ಲಿ ಬೇಡುವ ಇಚ್ಛೆಯಾದರೂ ಇದೆಯೇ ಎಂದು ವಿಚಾರಿಸಬೇಕು. ಪ್ರಾಯಶ್ಚಿತ್ತವಾಗಿ ಆ ಒಬ್ಬರ ಹೆಸರನ್ನು ನೆನೆದು ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹೇಳಲು ಸೂಚಿಸಬಹುದು.