ಒಂದೇ ಕಂಪ್ಯೂಟರಿನಲ್ಲಿ ವಿಂಡೋಸೂ ಇರಲಿ, ಲಿನಕ್ಸೂ ಇರಲಿ

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿದ ಮೇಲೆ ಹಳೆಯ ಕಂಪ್ಯೂಟರ್ ಇರುವ ಅನೇಕರ ಕಣ್ಣು ಲಿನಕ್ಸ್ ಕಡೆ ತಿರುಗಿದೆ. ಆದರೆ ನುಡಿ, ಪೇಜ್‌ಮೇಕರ್ ನೆಚ್ಚಿಕೊಂಡ ಡಿಟಿಪಿಯವರು ವಿಂಡೋಸನ್ನು ಪೂರ್ತಿ ಬಿಡುವುದು ಕಷ್ಟ. ಬಿಡಬೇಕಾಗಿಯೂ ಇಲ್ಲ. ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ಇದೇ ಡ್ಯುಯಲ್ ಬೂಟ್.

ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನ ಯುಇಎಫ್‌ಐ ಎಂಬ ತಂತ್ರಾಂಶ. ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿನಲ್ಲಿ ವಿಂಡೋಸನ್ನು ಎಬ್ಬಿಸುವ ಬೂಟ್‌ಲೋಡರ್ ಒಂದು ಫೋಲ್ಡರಿನಲ್ಲಿ, ಉಬುಂಟು ಎಂಬ ಲಿನಕ್ಸಿನದು ಇನ್ನೊಂದರಲ್ಲಿ ಇರುತ್ತದೆ. ಉಬುಂಟು ಜೊತೆ ಬರುವ ಗ್ರಬ್ ಎಂಬ ಬೂಟ್‌ಲೋಡರ್ ಮೆನು ತೋರಿಸಿ ಯಾವುದು ಬೇಕೆಂದು ಕೇಳುತ್ತದೆ. ಒಮ್ಮೆಗೆ ಓಡುವುದು ಒಂದೇ ಆದ್ದರಿಂದ ರ‍್ಯಾಮ್ ಹಂಚಿಹೋಗುವುದಿಲ್ಲ.

ನಿಜವಾದ ಕೆಲಸವಿರುವುದು ಇನ್‌ಸ್ಟಾಲ್‌ಗೆ ಮುಂಚೆ. ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಬ್ಯಾಕಪ್ ಮಾಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಲೇಬೇಕು. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ ಮಲಗುತ್ತದೆ. ಆಗ ಲಿನಕ್ಸಿನಿಂದ ಸಿ ಡ್ರೈವಿಗೆ ಬರೆದರೆ ಕಡತಗಳು ಕೆಡಬಹುದು. ಆಮೇಲೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಸಿ ಡ್ರೈವನ್ನು ಕುಗ್ಗಿಸಿ 50 ಜಿಬಿಯಷ್ಟಾದರೂ ಜಾಗ ಖಾಲಿ ಬಿಡಿ. ಉಬುಂಟು 25 ಜಿಬಿಯಲ್ಲೂ ಕೂರುತ್ತದೆ, ಆದರೆ ಬೇಗ ಇಕ್ಕಟ್ಟಾಗುತ್ತದೆ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಜೊತೆಗೇ ಉಬುಂಟು ಹಾಕುವ ಆಯ್ಕೆ ಇರುವ ಪರದೆಯಲ್ಲೇ ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆಯೂ ಇರುತ್ತದೆ. ಅಲ್ಲಿ ಎರಡು ಸಲ ಓದಿ ಒತ್ತಿ.

ಎರಡೂ ಓಡತೊಡಗಿದ ಮೇಲೆ ಗಡಿಯಾರ ನೋಡಿ. ಬೆಳಿಗ್ಗೆ 10 ಗಂಟೆಗೆ ವಿಂಡೋಸ್ 4:30 ತೋರಿಸುತ್ತಿದ್ದರೆ ಬ್ಯಾಟರಿ ಹೋಗಿದೆ ಎಂದುಕೊಳ್ಳಬೇಡಿ. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ, ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ. ನಮಗೂ ಯುಟಿಸಿಗೂ ಇರುವ ಐದೂವರೆ ಗಂಟೆಯ ಅಂತರವೇ ಇದು. ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಿಂದ ಉಬುಂಟುವನ್ನೇ ಸ್ಥಳೀಯ ಸಮಯಕ್ಕೆ ಒಗ್ಗಿಸಬಹುದು. ಬೇಸಿಗೆಗೊಂದು, ಚಳಿಗಾಲಕ್ಕೊಂದು ಸಮಯ ಬದಲಿಸುವ ದೇಶಗಳಲ್ಲಿ ಇದರಿಂದ ತೊಡಕಾಗುತ್ತದೆ, ಭಾರತದಲ್ಲಿ ಆ ಭಯವಿಲ್ಲ.

ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಗ್ರಬ್ ಮೆನು ಕಾಣದೆ ಹೋಗುತ್ತದೆ. ಉಬುಂಟು ಅಳಿಸಿಹೋಯಿತೆಂದು ಗಾಬರಿಯಾಗಬೇಡಿ. ಹೆಚ್ಚಿನ ಸಲ ಯುಇಎಫ್‌ಐ ಸೆಟ್ಟಿಂಗಿನ ಬೂಟ್ ಕ್ರಮದಲ್ಲಿ ಉಬುಂಟುವನ್ನು ಮೇಲಕ್ಕೆ ತಂದರೆ ಸಾಕು.

ಇಷ್ಟಕ್ಕೆಲ್ಲ ಕೈ ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಉಬುಂಟು ಓಡಿಸಿ ನೋಡಿ, ಡಿಸ್ಕ್ ಮುಟ್ಟಬೇಕಾಗಿಲ್ಲ. ವೈಫೈ, ಧ್ವನಿ, ಪ್ರಿಂಟರ್ ಮೂರೂ ಸರಿಯಾಗಿ ನಡೆದರೆ ಧೈರ್ಯವಾಗಿ ಮುಂದುವರಿಯಿರಿ.