ದೇವತೆಗಳ ಪಾಲು

ಅರಸೀಕೆರೆಯ ಸೀಮೆಯಲ್ಲಿ ಹಳೆಯ ಮನೆಗಳ ಅಟ್ಟವನ್ನು ಹತ್ತಿ ನೋಡಿದವರಿಗೆ ಅಲ್ಲಿ ರಾಶಿ ಹಾಕಿದ ತೆಂಗಿನಕಾಯಿಗಳ ನೆನಪಿರುತ್ತದೆ. ಬಲಿತ ಕಾಯಿಯನ್ನು ಸುಲಿಯದೆ ಎಂಟು ಹತ್ತು ತಿಂಗಳು ಹಾಗೆಯೇ ಬಿಟ್ಟರೆ ಒಳಗಿನ ನೀರು ಇಲ್ಲವಾಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಾಯಿಯನ್ನು ಯಾರೂ ಒಡೆಯಲಿಲ್ಲ, ತೂತು ಕೊರೆಯಲಿಲ್ಲ. ಹಾಗಾದರೆ ನೀರು ಹೋದದ್ದೆಲ್ಲಿಗೆ?

ಇದೇ ಪ್ರಶ್ನೆಯನ್ನು ಬೆಂಗಳೂರಿನ ಮೈಸೂರು ರಸ್ತೆಯ ಕಂಬೀಪುರದಲ್ಲಿಯೂ ಕೇಳಬಹುದು. ಅಲ್ಲಿರುವುದು ಅಮೃತ್ ಡಿಸ್ಟಿಲರಿಯ ಉಗ್ರಾಣ. ಅಲ್ಲಿ ಬರಿದಾಗುವುದು ಕಾಯಿಯಲ್ಲ, ವಿಸ್ಕಿಯ ಪೀಪಾಯಿ. ಬಿಗಿಯಾಗಿ ಮುಚ್ಚಿದ ಪೀಪಾಯಿಯಿಂದ ವರ್ಷಕ್ಕೆ ನೂರರಲ್ಲಿ ಹತ್ತು ಹನ್ನೆರಡು ಪಾಲು ಮಾಯವಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಈ ನಷ್ಟ ನೂರಕ್ಕೆ ಸುಮಾರು ಎರಡು ಮಾತ್ರ. ಅಲ್ಲಿನ ಜನ ಅದಕ್ಕೆ 'ದೇವತೆಗಳ ಪಾಲು' ಎಂದು ಹೆಸರಿಟ್ಟಿದ್ದಾರೆ. ನಮ್ಮ ನಾಡಿನ ದೇವತೆಗಳು ಇಷ್ಟು ಹಸಿದಿರಲು ಕಾರಣವೇನು?

ಪೀಪಾಯಿಯ ಒಳಗೆ

ಮೊದಲು ವಿಸ್ಕಿಯ ಹುಟ್ಟನ್ನು ತಿಳಿಯೋಣ. ಜವೆಗೋಧಿಯನ್ನು ನೆನೆಸಿ ಮೊಳಕೆ ಬರಿಸಿದರೆ ಅದರ ಪಿಷ್ಟವನ್ನು ಸಕ್ಕರೆಯಾಗಿಸಬಲ್ಲ ಕಿಣ್ವಗಳು ಹುಟ್ಟುತ್ತವೆ. ಆ ಸಕ್ಕರೆಯ ರಸವನ್ನು ಹುದುಗಿಸಿದರೆ ಮದ್ಯಸಾರ. ಮದ್ಯಸಾರವು 78 ಡಿಗ್ರಿಯಲ್ಲಿಯೂ ನೀರು 100 ಡಿಗ್ರಿಯಲ್ಲಿಯೂ ಕುದಿಯುವುದರಿಂದ, ತಾಮ್ರದ ಹಂಡೆಯಲ್ಲಿ ಕಾಯಿಸಿದಾಗ ಮೇಲೇಳುವ ಆವಿಯಲ್ಲಿ ಮದ್ಯಸಾರದ ಅಂಶವೇ ಹೆಚ್ಚು. ಹೀಗೆ ಎರಡು ಬಾರಿ ಭಟ್ಟಿ ಇಳಿಸಿದಾಗ ದೊರೆಯುವುದು ನೀರಿನಂತೆ ಬಣ್ಣವಿಲ್ಲದ ದ್ರವ. ಬಣ್ಣವನ್ನೂ ಪರಿಮಳದ ಬಹುಭಾಗವನ್ನೂ ಅದು ಪಡೆಯುವುದು ಒಳಮೈಯನ್ನು ಸುಟ್ಟ ಓಕ್ ಮರದ ಪೀಪಾಯಿಯಲ್ಲಿ.

ಬಿಳಿ ಓಕ್ ಮರದ ನಾಳಗಳು ಸಹಜವಾಗಿಯೇ ಮುಚ್ಚಿಹೋಗಿರುವುದರಿಂದ ದ್ರವವು ಸೋರುವುದಿಲ್ಲ. ಆದರೆ ಅಣುಗಳು ಮರದೊಳಗೆ ಹಿಂಗಿ, ಹೊರಮೈಯನ್ನು ತಲುಪಿ ಗಾಳಿಗೆ ಸೇರುತ್ತವೆ. ತೆಂಗಿನ ಚಿಪ್ಪಿನಲ್ಲಿ ನಡೆಯುವುದೂ ಇಂಥದೇ ವ್ಯಾಪಾರ.

ಉಷ್ಣತೆಯ ಕೆಲಸ

ಶುದ್ಧ ಮದ್ಯಸಾರದ ಆವಿಯ ಒತ್ತಡವು 10 ಡಿಗ್ರಿಯಲ್ಲಿ ಸುಮಾರು 24 ಮಿಲಿಮೀಟರ್ ಪಾದರಸದಷ್ಟು; 25 ಡಿಗ್ರಿಯಲ್ಲಿ ಸುಮಾರು 59. ಉಷ್ಣತೆ ಹದಿನೈದು ಡಿಗ್ರಿ ಏರಿದರೆ ಒತ್ತಡವು ಎರಡೂವರೆ ಪಟ್ಟು! ಆದರೆ ನಷ್ಟದ ಅಂತರವು ಐದಾರು ಪಟ್ಟು ಎಂಬುದನ್ನು ಓದುಗರು ಗಮನಿಸಿರಬಹುದು. ಉಳಿದುದಕ್ಕೆ ಬೇರೆ ಕಾರಣಗಳನ್ನು ಹುಡುಕಬೇಕು. ಉಷ್ಣತೆ ಏರಿದಂತೆ ಮರದೊಳಗೆ ಅಣುಗಳ ಚಲನೆಯೂ ಚುರುಕಾಗುತ್ತದೆ. ಗಾಳಿಯ ತೇವವೂ ಲೆಕ್ಕಕ್ಕೆ ಬರುತ್ತದೆ.

ಬಯಲುಸೀಮೆಯ ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಪಯಣಿಸುವವರು ಮಲೆನಾಡಿನ ಸೆರಗನ್ನು ಮುಟ್ಟುತ್ತಾರೆ. ಗಾಳಿಯ ತೇವ ಹೆಚ್ಚುತ್ತದೆ. ಒಂದೊಂದು ಪೀಪಾಯಿಯನ್ನು ಈ ಎರಡು ಊರುಗಳಲ್ಲಿಟ್ಟೆವೆಂದು ಊಹಿಸೋಣ. ಒಣಗಾಳಿಯಲ್ಲಿ ನೀರು ಸುಲಭವಾಗಿ ಹೊರಟುಹೋಗುವುದರಿಂದ ಒಳಗುಳಿದ ದ್ರವದ ಸಾರ ಏರಬಹುದು. ತೇವದ ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುವುದರಿಂದ ನೀರಿಗೆ ತಡೆಯುಂಟು, ಮದ್ಯಸಾರಕ್ಕಿಲ್ಲ. ಆದ್ದರಿಂದ ಸಾರ ಇಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ನಡೆಯುವುದು ಈ ಎರಡನೆಯದು.

ವಯಸ್ಸಿನ ಲೆಕ್ಕ

ಈಗ ಚಕ್ರಬಡ್ಡಿಯ ಲೆಕ್ಕವನ್ನು ತಿರುಗುಮುರುಗಾಗಿ ಮಾಡೋಣ. ನೂರು ಲೀಟರಿನಲ್ಲಿ ವರ್ಷಕ್ಕೆ ನೂರಕ್ಕೆರಡರಂತೆ ಕಳೆದರೆ ಹನ್ನೆರಡು ವರ್ಷಗಳ ಬಳಿಕ 78 ಲೀಟರ್ ಉಳಿಯುತ್ತದೆ. ನೂರಕ್ಕೆ ಹನ್ನೊಂದರಂತೆ ಕಳೆದರೆ ಉಳಿಯುವುದು 25 ಮಾತ್ರ. ನಾಲ್ಕೇ ವರ್ಷಕ್ಕೆ ನಿಲ್ಲಿಸಿದರೆ 63. ವಿಸ್ಕಿಯ ಹಿರಿಮೆಯನ್ನು ವರ್ಷಗಳಿಂದಲೇ ಅಳೆಯುವುದಾದರೆ ಬೆಂಗಳೂರು ಸ್ಪರ್ಧೆಗೆ ಇಳಿಯುವ ಮುನ್ನವೇ ಸೋತಂತೆ.

ಆದರೆ ಆವಿಯನ್ನು ಹೊರದೂಡುವ ಅದೇ ಉಷ್ಣತೆಯು ಮರದ ಸತ್ವವನ್ನೂ ಬೇಗ ಸೆಳೆಯುತ್ತದೆ. ಪೀಪಾಯಿಗೆ ಪಂಚಾಂಗ ತಿಳಿಯದು. ಬೆಂಗಳೂರಿನಲ್ಲಿ ನಾಲ್ಕೈದು ವರ್ಷಗಳಲ್ಲಿಯೇ ವಿಸ್ಕಿ ಪಕ್ವವಾಗುತ್ತದೆ.

ಈ ವಾದವನ್ನು ಜಗತ್ತು ಒಪ್ಪಬೇಕಾದರೆ ಪ್ರಯೋಗ ಬೇಕಿತ್ತು. ಜೆ. ಎನ್. ರಾಧಾಕೃಷ್ಣ ಜಗದಾಳೆಯವರು 1948ರಲ್ಲಿ ಸ್ಥಾಪಿಸಿದ ಅಮೃತ್ ಸಂಸ್ಥೆಯ ಮುಂದಿನ ಪೀಳಿಗೆಯ ರಕ್ಷಿತ್ ಜಗದಾಳೆಯವರು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಓದುತ್ತಿದ್ದಾಗ ಇದಕ್ಕೆ ಅಲ್ಲಿ ಮಾರುಕಟ್ಟೆಯಿದೆಯೇ ಎಂದು ಅಧ್ಯಯನ ನಡೆಸಿದರು. ಹೆಸರನ್ನು ಮರೆಮಾಡಿ ಸ್ಕಾಟ್ಲೆಂಡಿನವರಿಗೇ ರುಚಿ ತೋರಿಸಲಾಯಿತು. ಹೆಸರು ಕಾಣದಿದ್ದರೆ ಪೂರ್ವಗ್ರಹಕ್ಕೆ ಎಡೆಯಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ನೆನಪಿಡಬೇಕಾದ ಕ್ರಮವಿದು. 2004ರ ಆಗಸ್ಟ್‌ನಲ್ಲಿ ಗ್ಲಾಸ್ಗೊ ನಗರದಲ್ಲಿಯೇ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಭಾರತದ ಮತ್ತು ಸ್ಕಾಟ್ಲೆಂಡಿನ ಜವೆಗೋಧಿಗಳೆರಡನ್ನೂ ಬಳಸಿದ 'ಅಮೃತ್ ಫ್ಯೂಷನ್'ಗೆ ಜಿಮ್ ಮರೆ ಎಂಬ ವಿಮರ್ಶಕರು ತಮ್ಮ 2010ರ ವಿಸ್ಕಿ ಕೈಪಿಡಿಯಲ್ಲಿ ಜಗತ್ತಿನ ಮೂರನೆಯ ಸ್ಥಾನವನ್ನು ಕೊಟ್ಟರು. ಎಂಟು ವರ್ಷ ಕಾದು 2013ರಲ್ಲಿ ಹೊರತಂದ ಇನ್ನೊಂದು ವಿಸ್ಕಿಯಲ್ಲಿ ಸುಮಾರು ಮುಕ್ಕಾಲು ಪಾಲು ಆವಿಯಾಗಿತ್ತು. ಅದಕ್ಕಿಟ್ಟ ಹೆಸರು 'ಗ್ರೀಡಿ ಏಂಜಲ್ಸ್', ಎಂದರೆ ಆಸೆಬುರುಕ ದೇವತೆಗಳು!

ಮೂಗಿನ ಸಾಕ್ಷ್ಯ

ರುಚಿ ನೋಡುವವರು ನಾಲಿಗೆಗಿಂತ ಮೂಗನ್ನೇ ನೆಚ್ಚುತ್ತಾರೆ. ಲೋಟಕ್ಕೆ ಕೊಂಚ ನೀರನ್ನೂ ಬೆರೆಸುತ್ತಾರೆ. ಇದು ಬರಿಯ ಸಂಪ್ರದಾಯವಲ್ಲ. 2017ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಎಂಬ ವಿಜ್ಞಾನಿಗಳು ಗಣಕಯಂತ್ರದಲ್ಲಿ ಅಣುಗಳ ಚಲನೆಯನ್ನು ಅನುಕರಿಸಿ ನೋಡಿದರು. ಹೊಗೆಯ ಕಂಪಿಗೆ ಕಾರಣವಾದ ಗ್ವಾಯಕಾಲ್ ಎಂಬ ವಸ್ತುವಿನ ಅಣುಗಳು, ಮದ್ಯಸಾರವು ನೂರಕ್ಕೆ 45ರಷ್ಟೋ ಅದಕ್ಕೂ ಕಡಿಮೆಯೋ ಇದ್ದಾಗ ಮೇಲ್ಮೈಯ ಬಳಿ ಸೇರುತ್ತವೆ. ಸಾರ ಹೆಚ್ಚಾದರೆ ದ್ರವದೊಳಗೆ ಮುಳುಗುತ್ತವೆ. ನೀರು ಬೆರೆತಾಗ ಕಂಪು ಮೂಗಿಗೆ ಸಮೀಪವಾಗುವುದಕ್ಕೆ ಇದೊಂದು ವಿವರಣೆ.

ಇಷ್ಟು ಹೇಳಿದುದು ಕುಡಿತಕ್ಕೆ ಶಿಫಾರಸು ಎಂದು ಯಾರೂ ಭಾವಿಸಬಾರದು. ಮದ್ಯಪಾನವು ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಸಾರಿದೆ. ಪೀಪಾಯಿಯ ಭೌತವಿಜ್ಞಾನವನ್ನು ಅರಿಯಲು ಅದರೊಳಗಿನದನ್ನು ಕುಡಿಯಬೇಕಾಗಿಲ್ಲ; ಅಟ್ಟದ ಮೇಲಿನ ಒಂದು ತೆಂಗಿನಕಾಯಿ ಸಾಕು. ತಿಂಗಳಿಗೊಮ್ಮೆ ಅದನ್ನು ತೂಗಿ ಬರೆದಿಟ್ಟುಕೊಳ್ಳಿ. ಬೇಸಗೆಯ ನಷ್ಟವನ್ನು ಮಳೆಗಾಲದ ನಷ್ಟದೊಡನೆ ಹೋಲಿಸಿ.

ಕಡೆಯದಾಗಿ ಒಂದು ಮಾತು. ಓಕ್ ಮರದಿಂದ ವಿಸ್ಕಿಗೆ ಇಳಿದುಬರುವ ವಸ್ತುಗಳಲ್ಲಿ ಲ್ಯಾಕ್ಟೋನ್ ಎಂಬುದೂ ಒಂದು. ಅದರ ವಾಸನೆಯನ್ನು ಬಲ್ಲವರು ಯಾವುದಕ್ಕೆ ಹೋಲಿಸುತ್ತಾರೆ ಗೊತ್ತೆ? ತೆಂಗಿನಕಾಯಿಗೆ!