ಇಪ್ಪತ್ತೆರಡನೇ ಬಾಗಿಲು

2003ರ ಜನವರಿ 25ರಂದು ಬ್ಯಾಂಕ್ ಆಫ್ ಅಮೆರಿಕದ ಸಾವಿರಾರು ಎಟಿಎಂಗಳು ಹಣ ಕೊಡದೆ ಮುಷ್ಕರ ಹೂಡಿದವು. ಕಾರಣ, ಬರೀ 376 ಬೈಟ್‌ಗಳ ‘ಸ್ಲ್ಯಾಮರ್’ ಎಂಬ ಹುಳು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿನ ದೋಷವೊಂದನ್ನು ಬಳಸಿ 1434ನೇ ಪೋರ್ಟ್ ಎಂಬ ಬಾಗಿಲಿನಿಂದ ನುಗ್ಗಿದ ಅದು, ಆ ದೋಷವಿದ್ದ ಯಂತ್ರಗಳಲ್ಲಿ ಶೇ 90ರಷ್ಟನ್ನು ಹತ್ತೇ ನಿಮಿಷದಲ್ಲಿ ಆವರಿಸಿತು. ಪರಿಹಾರದ ಪ್ಯಾಚ್ ಆರು ತಿಂಗಳ ಹಿಂದೆಯೇ ಬಂದಿತ್ತು. ಹಾಕಿಕೊಳ್ಳಲಿಲ್ಲ, ಸರಿ. ಆದರೆ ಅಷ್ಟೊಂದು ಡೇಟಾಬೇಸ್‌ಗಳು ಇಡೀ ಜಗತ್ತಿಗೆ ಮುಖಮಾಡಿ ನಿಂತಿದ್ದಾದರೂ ಏಕೆ?

ಅನುಕೂಲಕ್ಕೆ, ಅಷ್ಟೆ. ಹೊರಗಿನಿಂದ ಡೇಟಾಬೇಸ್ ಬೇಕೆಂದಾಗ ಫೈರ್‌ವಾಲ್‌ನಲ್ಲಿ ಒಂದು ಪೋರ್ಟ್ ತೆರೆದುಬಿಡುವುದು ಎಲ್ಲಕ್ಕಿಂತ ಸುಲಭ.

ಇದಕ್ಕಿಂತ ಒಳ್ಳೆಯ ದಾರಿ ಎಂಟು ವರ್ಷ ಮೊದಲೇ ಸಿದ್ಧವಾಗಿತ್ತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದಾಲಿಸುವ ಪ್ರೋಗ್ರಾಂ ಇಟ್ಟು ಸಾವಿರಾರು ಪಾಸ್‌ವರ್ಡ್ ಬಾಚಿಕೊಂಡರು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಆಗ ಬಳಸುತ್ತಿದ್ದ ಟೆಲ್‌ನೆಟ್, ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ಸಾಗಿಸುತ್ತಿತ್ತು. ಅಲ್ಲಿನ ಸಂಶೋಧಕ ತಾತು ಯುಲೋನೆನ್ ಅದರ ಜಾಗಕ್ಕೆ, ಎಲ್ಲವನ್ನೂ ಗೂಢಲಿಪೀಕರಿಸಿ ಸಾಗಿಸುವ ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಂ ಬರೆದರು. ಕಡತ ಸಾಗಿಸುವ ಎಫ್‌ಟಿಪಿಗೆ 21ನೇ ಪೋರ್ಟ್, ಟೆಲ್‌ನೆಟ್‌ಗೆ 23. ನಡುವಿನ 22 ಖಾಲಿಯಿತ್ತು. ಪೋರ್ಟ್ ಸಂಖ್ಯೆ ಹಂಚುವ ಐಎಎನ್‌ಎಗೆ ಇಮೇಲ್ ಕಳಿಸಿದರೆ ಮರುದಿನವೇ ಮಂಜೂರು! ಈಗಾಗಿದ್ದರೆ ಅರ್ಜಿಗೊಂದು ಸಮಿತಿ ಕೂರುತ್ತಿತ್ತೇನೋ.

ಎಸ್‌ಎಸ್‌ಎಚ್‌ನಲ್ಲಿ ಇನ್ನೊಂದು ಸೌಲಭ್ಯವಿತ್ತು. ಬೇರೆ ಪೋರ್ಟ್‌ಗಳ ಮಾತುಕತೆಯನ್ನೂ ಈ ಗೂಢಲಿಪೀಕರಿಸಿದ ಸಂಪರ್ಕದೊಳಗೆ ತೂರಿಸಿ ಕಳಿಸಬಹುದಿತ್ತು. ಡೇಟಾಬೇಸ್ ಮಂದಿಗೆ ಬೇಕಾಗಿದ್ದೂ ಇದೇ. (ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಮೊದಲ ಆವೃತ್ತಿಯೂ 1995ರದ್ದು; ಅದನ್ನು ಬರೆದವರಲ್ಲಿ ಪ್ರಮುಖರಾದ ಮೈಕೆಲ್ ವಿಡೇನಿಯಸ್ ಕೂಡ ಹೆಲ್ಸಿಂಕಿಯವರೇ.) ಮೈಎಸ್‌ಕ್ಯೂಎಲ್ ತನ್ನ ಯಂತ್ರದ ಒಳವಿಳಾಸವಾದ 127.0.0.1ಕ್ಕೆ ಮಾತ್ರ ಓಗೊಡುವಂತೆ ಕಟ್ಟುಮಾಡಿ, ಹೊರಗಿನವರಿಗೆ 3306ನೇ ಪೋರ್ಟ್ ಮುಚ್ಚುತ್ತಾರೆ. ತೆರೆದಿರುವುದು 22 ಮಾತ್ರ, ಅದೂ ಕೀಲಿ ಕಡತ ಉಳ್ಳವರಿಗೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಅದರದೇ ಒಂದು ಪೋರ್ಟ್, 3307 ಎನ್ನೋಣ, ಸುರಂಗದ ಬಾಯಾಗುತ್ತದೆ. ಅಲ್ಲಿ ಹಾಕಿದ ಪ್ರಶ್ನೆ 22ರ ಮೂಲಕ ಸರ್ವರ್ ಹೊಕ್ಕು, ಒಳಗಿನಿಂದ 3306ನ್ನು ತಟ್ಟುತ್ತದೆ. ಡೇಟಾಬೇಸಿನ ಪಾಲಿಗೆ ಅದು ತನ್ನದೇ ಯಂತ್ರದಿಂದ ಬಂದ ಕರೆ.

ಒಳಗೆ ಹರಿಯುವುದೇನೆಂದು ಫೈರ್‌ವಾಲ್‌ಗೂ ಕಾಣದು ಎಂಬುದೇ ಇದರ ತೊಡಕು. ಕೆಲಸ ಬಿಟ್ಟುಹೋದವರ ಕೀಲಿಯನ್ನು ಅಳಿಸದಿದ್ದರೆ ಅವರಿಗೂ ದಾರಿ ತೆರೆದೇ ಇರುತ್ತದೆ.

ಇಷ್ಟಾದರೂ 2017ರ ಜನವರಿಯಲ್ಲಿ, ಪಾಸ್‌ವರ್ಡೂ ಇಲ್ಲದೆ ಬಯಲಿಗೆ ಬಿಟ್ಟಿದ್ದ ಸಾವಿರಾರು ಮೊಂಗೊಡಿಬಿ ಡೇಟಾಬೇಸ್‌ಗಳನ್ನು ದುಷ್ಕರ್ಮಿಗಳು ಅಳಿಸಿಹಾಕಿ, ಬಿಟ್‌ಕಾಯಿನ್ ಕೊಟ್ಟರೆ ಮರಳಿಸುವುದಾಗಿ ಚೀಟಿ ಬಿಟ್ಟುಹೋದರು.

ಅಮೆಜಾನ್ ಕ್ಲೌಡ್ 2018ರಲ್ಲಿ ತಂದ ಸೆಷನ್ ಮ್ಯಾನೇಜರ್‌ಗೆ 22 ಕೂಡ ಬೇಕಿಲ್ಲ. ಸರ್ವರ್‌ನೊಳಗಿನ ಏಜೆಂಟ್ ತಾನೇ ಹೊರಕ್ಕೆ ಕರೆಮಾಡಿ ಕಾಯುತ್ತದೆ, ಯಾರು ಯಾವಾಗ ಬಂದರೆಂದು ದಾಖಲೆಯೂ ಉಳಿಯುತ್ತದೆ. ದೊಡ್ಡ ಸಂಸ್ಥೆಗಳಿಗೆ ಅದು ಸರಿ. ಒಂದೇ ಸರ್ವರ್ ಇಟ್ಟುಕೊಂಡ ಸಣ್ಣ ಕಚೇರಿಗೆ ಮಾತ್ರ ಹೆಲ್ಸಿಂಕಿಯ ಸುರಂಗವೇ ಸಾಕೆಂಬುದು ನನ್ನ ಎಣಿಕೆ, ಕೀಲಿಗಳ ಲೆಕ್ಕ ಇಡುವವರೊಬ್ಬರು ಅಲ್ಲಿದ್ದರೆ.